ನಮ್ಮೂರಿನ ಪಾಲಿಯೇಟಿವ್ ಜೀಪು, ನಿಮ್ಮೂರಿನ ಆರೋಗ್ಯ ಕಾರ್ಡು

ಮೊನ್ನೆ ನೀರಿನ ಟ್ಯಾಂಕರ್ ಬಂದ ಗಲಾಟೆಯಲ್ಲಿ ನೀವು ಕೇಳಿದ ಪ್ರಶ್ನೆಗೆ ನಿಂತಲ್ಲೇ ಏನೋ ಗೊಣಗಿ ಬಂದುಬಿಟ್ಟೆ. "ನಿಮ್ಮ ಕಾಸರಗೋಡಿನಲ್ಲಿ ಹಾಸಿಗೆ ಹಿಡಿದವರನ್ನು ನೋಡಲು ನರ್ಸು ಮನೆಗೇ ಬರುತ್ತಾರಂತೆ, ದುಡ್ಡೂ ಕೇಳುವುದಿಲ್ಲವಂತೆ. ನಮ್ಮ ತಾಯಿಗೆ ಐದು ಲಕ್ಷದ ಆಯುಷ್ಮಾನ್ ಕಾರ್ಡಿದೆ. ಆ ಕಾರ್ಡಿನಲ್ಲಿ ಇಲ್ಲಿಯೂ ಹಾಗೆ ಮಾಡಿಸಬಹುದಲ್ಲವೇ?" ಎಂದಿರಿ. ಆಗುವುದಿಲ್ಲ ಎಂಬುದು ಒಂದು ಮಾತಿನ ಉತ್ತರ. ಯಾಕೆ ಆಗುವುದಿಲ್ಲ ಎಂದು ಹೇಳಲು ಎರಡು ಮನೆಗಳ ಸಂಗತಿ ಹೇಳಬೇಕು. ಒಂದು ಗಡಿಯ ಆಚೆ ನಮ್ಮ ದೊಡ್ಡಮ್ಮನದು, ಇನ್ನೊಂದು ಇಲ್ಲೇ ಬೆಂಗಳೂರಿನ ಕಾಮಾಕ್ಷಿಪಾಳ್ಯದ ನನ್ನ ಮಾವನವರದು.

ಅದಕ್ಕೂ ಮೊದಲು ಒಂದು ಮಾತು. ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿದರೂ "ಕೇರಳದವರಾ? ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ" ಎನ್ನುವವರು ತಿಂಗಳಿಗೊಬ್ಬರಾದರೂ ಸಿಗುತ್ತಾರೆ. ಕಲಿತದ್ದಲ್ಲ ಸ್ವಾಮಿ, ಹುಟ್ಟಿದ್ದೇ ಅದರಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದವರು ನಮ್ಮನ್ನು ಆ ಕಡೆಗೆ ಬಿಟ್ಟರು, ಅಷ್ಟೇ. ಆ ಗೆರೆಯಿಂದ ನಮಗಾದ ನಷ್ಟಗಳ ಪಟ್ಟಿ ಉದ್ದ ಇದೆ, ಇನ್ನೊಮ್ಮೆ ಹೇಳುತ್ತೇನೆ. ಆದರೆ ಲಾಭದ ಪಟ್ಟಿ ಬರೆಯಲು ಕುಳಿತರೆ ಮೊದಲ ಸಾಲಿನಲ್ಲಿ ಬರುವುದು ಆ ನರ್ಸನ್ನು ಮನೆಮನೆಗೆ ಕರೆತರುವ ಈ ಜೀಪು.

ಗುಣವಾಗದ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಈ ಆರೈಕೆಯನ್ನು ಪತ್ರಿಕೆಗಳಲ್ಲಿ ಉಪಶಾಮಕ ಆರೈಕೆ (ಪಾಲಿಯೇಟಿವ್ ಕೇರ್) ಎಂದು ಬರೆಯುತ್ತಾರೆ. ನಮ್ಮೂರಿನಲ್ಲಿ ಯಾರ ಬಾಯಲ್ಲೂ ಆ ಮಾತು ಬರುವುದಿಲ್ಲ. ತುಳು, ಹವ್ಯಕ, ಬ್ಯಾರಿ, ಮರಾಠಿ, ಕೊಂಕಣಿ, ಯಾವ ಮನೆಮಾತಿನವರೇ ಆದರೂ "ಇವತ್ತು ಪಾಲಿಯೇಟಿವ್‌ನವರು ಬರುವ ದಿನ" ಎನ್ನುತ್ತಾರೆ, ಕರೆಂಟಿನವರು ಬರುವ ದಿನ ಎಂದಷ್ಟೇ ಸಲೀಸಾಗಿ.

ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತ್ತು. ಎರಡು ತಿಂಗಳಲ್ಲಿ ಬೆನ್ನ ಕೆಳಗೆ ಹುಣ್ಣಾಯಿತು. ವಾಸನೆ ಎಷ್ಟಿತ್ತೆಂದರೆ ನೋಡಲು ಬಂದವರು ಜಗಲಿಯಲ್ಲೇ ಕುಳಿತು ಬೆಲ್ಲ ನೀರು ಕುಡಿದು ಎದ್ದು ಹೋಗುತ್ತಿದ್ದರು. ಪಂಚಾಯಿತಿಯ ನರ್ಸು ಬಂದರು. ಹುಣ್ಣನ್ನು ತೊಳೆದು, ಮೆಟ್ರೊನಿಡಜೋಲ್ ಗುಳಿಗೆಗಳನ್ನು ಕಾಗದದಲ್ಲಿ ಮಡಚಿ ಲಟ್ಟಣಿಗೆಯಿಂದ ಪುಡಿ ಮಾಡಿ ಅದರ ಮೇಲೆ ಉದುರಿಸಿದರು. ರಬ್ಬರ್ ಕೈಗವಸುಗಳಿಗೆ ನೀರು ತುಂಬಿ, ಬಾಯಿಗೆ ಗಂಟು ಹಾಕಿ, ಹಿಮ್ಮಡಿಗಳ ಕೆಳಗೆ ಇಟ್ಟರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆಂದು ಅಣ್ಣನಿಂದ ಮೂರು ಸಲ ಮಾಡಿಸಿದರು. ವಾರ ಕಳೆಯುವಷ್ಟರಲ್ಲಿ ವಾಸನೆ ಹೋಯಿತು. ಜಗಲಿಯಲ್ಲಿ ಕುಳಿತುಕೊಳ್ಳುತ್ತಿದ್ದವರು ಒಳಗೆ ಬಂದು ಮಂಚದ ತುದಿಯಲ್ಲಿ ಕುಳಿತರು. ಔಷಧಕ್ಕೆ ಆದ ಖರ್ಚು ಒಂದು ಊಟದ ಬೆಲೆಗಿಂತ ಹೆಚ್ಚಿರಲಾರದು.

ಆ ನರ್ಸು ಪಯ್ಯನ್ನೂರಿನ ಕಡೆಯವರು, ಕನ್ನಡ ಬಾರದು. ಮೊದಲ ದಿನ "ವೇದನ ಉಂಡೋ?" ಎಂದು ಕೇಳಿದಾಗ ಅಲ್ಲಿದ್ದ ನನ್ನ ಹೆಂಡತಿ, ಹುಟ್ಟಾ ಬೆಂಗಳೂರಿನವಳು, "ನಮ್ಮದೆಲ್ಲ ಉಂಡಾಯಿತು, ನೀವು ಬನ್ನಿ ಊಟಕ್ಕೆ" ಎಂದುಬಿಟ್ಟಳು. ನೋವಿದೆಯೇ ಎಂದು ಕೇಳಿದ್ದು ಅವರು. ತುಳುವಿನ 'ಉಂಡು' ಗೊತ್ತಿದ್ದ ದೊಡ್ಡಮ್ಮನಿಗೆ ಅರ್ಥವಾಗಿ, ಅರ್ಧ ಮುಖದಲ್ಲೇ ನಕ್ಕಳು. 'ಬೇನೆ' ಎಂದು ಬಾಯಿ ತೊದಲಿ ಹೇಳಿದಳು. ವೇದನೆಯ ತದ್ಭವವೇ ಬೇನೆ, ಹಾಗಾಗಿ ಅಷ್ಟು ಮಟ್ಟಿಗೆ ಕೆಲಸ ಸಾಗಿತು. ಆದರೆ ನೋವಿಗೆ ನೂರು ಬಗೆ ಇದೆ. ಸೆಳೆತ ಬೇರೆ, ಉರಿ ಬೇರೆ, ಸಿಡಿಯುವುದು ಬೇರೆ. ಅದನ್ನೆಲ್ಲ ಹೇಳಲು ಮಧ್ಯದಲ್ಲಿ ಅಣ್ಣನೇ ನಿಲ್ಲಬೇಕಿತ್ತು. ನಮ್ಮಲ್ಲಿ ಎಲ್ಲವೂ ಚೆನ್ನ ಎಂದು ನಾನು ಹೇಳುತ್ತಿಲ್ಲ. ಅರ್ಜಿ ನಮೂನೆಗಳು ಕನ್ನಡದಲ್ಲೂ ಇರಬೇಕು ಎಂಬ ನಿಯಮ ಇದೆ, ಕೈಗೆ ಬರುವುದು ಮಲಯಾಳದ್ದು.

ಈ ವ್ಯವಸ್ಥೆ ಹೇಗೆ ಬಂತು ಎಂದು ಕೇಳಿದರೆ, ಯಾವ ವಿಮೆಯಿಂದಲೂ ಬಂದದ್ದಲ್ಲ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ನೋವು ನಿವಾರಣೆಗೆಂದು ಒಂದು ಸಂಘ ಕಟ್ಟಿದರು. ರೋಗಿಗಳು ಆಸ್ಪತ್ರೆಗೆ ಬರಲಾರರು ಎಂದು ಗೊತ್ತಾದ ಮೇಲೆ, ಆ ದಶಕದ ಕೊನೆಗೆ ಮಲಪ್ಪುರದ ಕಡೆ ನೆರೆಹೊರೆಯವರನ್ನೇ ತರಬೇತಿಗೊಳಿಸಿ ಮನೆಗಳಿಗೆ ಕಳಿಸುವ ಕ್ರಮ ಶುರುವಾಯಿತು. ಅಂಗಡಿಯ ಗಲ್ಲಾದ ಪಕ್ಕದಲ್ಲಿ ಡಬ್ಬಿ, ಶಾಲೆ ಮಕ್ಕಳಿಂದ ಚಿಲ್ಲರೆ ಸಂಗ್ರಹ, ಹೀಗೆ ನಡೆಯಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ಮಾಡಿ, ಪಂಚಾಯಿತಿಗಳ ಯೋಜನಾ ಹಣದಲ್ಲಿ ಪಾಲು ಇಡಿಸಿತು. ನರ್ಸಿನ ಸಂಬಳ, ಜೀಪಿನ ಬಾಡಿಗೆ, ಹತ್ತಿ, ಕ್ಯಾಥೆಟರ್ ಎಲ್ಲ ಆ ಲೆಕ್ಕದಲ್ಲಿ. ಕೇರಳದಲ್ಲೂ ವಿಮೆ ಇದೆ. ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಎಂದು ಹೆಸರು, ಮೊತ್ತವೂ ನಿಮ್ಮ ತಾಯಿಯ ಕಾರ್ಡಿನಷ್ಟೇ, ಐದು ಲಕ್ಷ. ದೊಡ್ಡಮ್ಮನ ಬಳಿ ಆ ಕಾರ್ಡೂ ಇತ್ತು. ಆದರೆ ಜೀಪನ್ನು ಮನೆಗೆ ತಂದದ್ದು ಕಾರ್ಡಲ್ಲ, ವಾರ್ಡಿನ ಮೆಂಬರು. ನರ್ಸು ಬಾರದಿದ್ದರೆ ಸಂಜೆ ಪೇಟೆಯಲ್ಲಿ ಅಡ್ಡಹಾಕಿ ಕೇಳಲು ಒಬ್ಬ ಮನುಷ್ಯ ಇದ್ದಾನಲ್ಲ, ಅದು ದೊಡ್ಡ ವಿಷಯ.

ಇನ್ನು ಮಾವನವರ ಸಂಗತಿ. ಲೇತ್ ಕೆಲಸದಲ್ಲಿ ಮೂವತ್ತು ವರ್ಷ ನಿಂತ ಜೀವ. ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾದಾಗ ಬಿಪಿಎಲ್ ಕಾರ್ಡಿನ ಬಲದಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕೈಹಿಡಿಯಿತು. ಅದನ್ನು ನಾನು ಮರೆಯುವುದಿಲ್ಲ. ಕೀಮೋ, ರೇಡಿಯೇಷನ್ ಎಲ್ಲ ಅದರಲ್ಲೇ ಆಯಿತು. ಆ ಕಾರ್ಡಿಲ್ಲದಿದ್ದರೆ ಮನೆ ಮಾರಬೇಕಿತ್ತು. (ಬಿಪಿಎಲ್ ಅಲ್ಲದ ಕುಟುಂಬವಾದರೆ ಸರ್ಕಾರಿ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ನಿಮ್ಮದು ಯಾವ ಕಾರ್ಡು ಎಂದು ಒಮ್ಮೆ ನೋಡಿಕೊಳ್ಳಿ.) ಆರು ತಿಂಗಳಾದ ಮೇಲೆ ಒಂದು ದಿನ ಡಾಕ್ಟರು ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ" ಎಂದರು. ಕಾರ್ಡಿನ ಕೆಲಸ ಅಲ್ಲಿಗೆ ಮುಗಿಯಿತು. ಬಿಡುಗಡೆಯಾದ ಮೇಲೆ 15 ದಿನದ ಔಷಧ, ಅಷ್ಟೇ. ಮಾವನವರು ಬದುಕಿದ್ದು ಇನ್ನೂ ನಾಲ್ಕು ತಿಂಗಳು.

ಮೂಗಿನ ಮೂಲಕ ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ ಗಂಜಿ ಕೊಡುತ್ತಿದ್ದೆವು. ಅದು ಕಟ್ಟಿಕೊಂಡರೆ ಬದಲಿಸಬೇಕು. ನಮ್ಮೂರಿನಲ್ಲಾದರೆ ನರ್ಸು ಚಾವಡಿಯಲ್ಲೇ ಕುಳ್ಳಿರಿಸಿ ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸ. ಇಲ್ಲಿ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಎದೆಗೆ ಪಂಚೆ ಸುತ್ತಿ ಕುರ್ಚಿಗೆ ಕಟ್ಟಿ, ನಾನು ಮತ್ತು ಕೆಳಗಿನ ಮನೆಯ ಹುಡುಗ ಹೊತ್ತುಕೊಂಡು ಇಳಿಯುತ್ತಿದ್ದೆವು. ಮೆಟ್ಟಿಲಿನ ತಿರುವಿನಲ್ಲಿ ಕುರ್ಚಿಯ ಕಾಲು ಗ್ರಿಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಆಗ ಅವರು ಎರಡೂ ಕೈಯಲ್ಲಿ ನನ್ನ ಅಂಗಿ ಹಿಡಿದುಕೊಳ್ಳುತ್ತಿದ್ದರು. ಲೇತ್ ಹಿಡಿದ ಕೈ, ಬಿಡಿಸಿದರೆ ಬಿಡುತ್ತಿರಲಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ ಆರೋಗ್ಯಮಿತ್ರ ಎಂಬ ಹುದ್ದೆಯವರು ಕುಳಿತಿರುತ್ತಾರೆ, ಪಾಪ ಒಳ್ಳೆಯ ಹುಡುಗಿ. "ಸರ್, ಹೊರರೋಗಿಯಾಗಿ ನಳಿಕೆ ಬದಲಿಸಿದರೆ ಕಾರ್ಡು ನಡೆಯುವುದಿಲ್ಲ. ಅಡ್ಮಿಟ್ ಆದರೆ ನಡೆಯುತ್ತದೆ, ಅದಕ್ಕೆ ಅನುಮತಿ ಬರಬೇಕು" ಎಂದಳು. ಅವಳದೇನೂ ತಪ್ಪಿಲ್ಲ, ಯೋಜನೆಯ ಲೆಕ್ಕವೇ ಹಾಗೆ. ಹಾಸಿಗೆಗೆ ದರ ಇದೆ, ಶಸ್ತ್ರಕ್ರಿಯೆಗೆ ದರ ಇದೆ. ಮನೆಗೆ ಬರುವ ನರ್ಸಿಗೆ, ಗಾಯ ತೊಳೆಯುವ ಕೈಗೆ, ಸಾಯುವವನ ಪಕ್ಕ ಕುಳಿತು ಹೆಂಡತಿಗೆ ಧೈರ್ಯ ಹೇಳುವ ಅರ್ಧ ಗಂಟೆಗೆ ದರಪಟ್ಟಿಯಲ್ಲಿ ಸಾಲೇ ಇಲ್ಲ. ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ ಒಳರೋಗಿಯಾಗಿ ಮಲಗಿದರೆ ಸರ್ಕಾರದ ಸಾವಿರಾರು ರೂಪಾಯಿ ಸಲೀಸಾಗಿ ಹೋಗುತ್ತದೆ. ಮನೆಯಲ್ಲೇ ಮಾಡಿಸುತ್ತೇನೆ ಎಂದರೆ ಒಂದು ರೂಪಾಯಿಯೂ ಇಲ್ಲ.

ಇಲ್ಲಿನ ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ನಿಂತ ನರ್ಸುಗಳಲ್ಲಿ ಅರ್ಧದಷ್ಟು ಜನ ಮಲಯಾಳಿಗಳು ಎಂಬುದು ನಿಮಗೂ ಗೊತ್ತು. ಗಡಿನಾಡಿನವನಾಗಿ ಹುಟ್ಟಿದ್ದಕ್ಕೆ ಬೆಂಗಳೂರಿನಲ್ಲಿ ಸಿಕ್ಕ ಏಕೈಕ ಸಂಭಾವನೆ ಅದು. ಅವರ ಭಾಷೆಯಲ್ಲಿ ಎರಡು ಮಾತಾಡಿದರೆ ಹೆಚ್ಚುವರಿ ಹತ್ತಿ, ಒಂದು ಜೊತೆ ಕೈಗವಸು ಸಿಗುತ್ತಿತ್ತು. ಕೈಗವಸಿಗೆ ನೀರು ತುಂಬಿ ಹಿಮ್ಮಡಿಗೆ ಇಡುವುದನ್ನು ನಾನು ಇಲ್ಲಿ ಕೆಲವರಿಗೆ ಹೇಳಿಕೊಟ್ಟಿದ್ದೇನೆ.

ಕಾಗದದ ಮೇಲೆ ನೋಡಿದರೆ ಇಲ್ಲಿಯೂ ಎಲ್ಲವೂ ಇದೆ. ಆಯುಷ್ಮಾನ್ ಭಾರತಕ್ಕೆ ಎರಡು ಕೈಗಳು. ಒಂದು ಈ ವಿಮೆ ಕಾರ್ಡು, ಇನ್ನೊಂದು ಊರೂರಿನ ಆರೋಗ್ಯ ಕ್ಷೇಮ ಕೇಂದ್ರ. ಎರಡನೆಯದರ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಸೇರಿದೆ. ಕರ್ನಾಟಕವೂ 2016ರಲ್ಲಿ ಇದಕ್ಕೊಂದು ನೀತಿ ಬರೆಯಿತು. ಆದರೆ ಜನರ ಕಣ್ಣಿಗೆ ಬಿದ್ದದ್ದು ಕಾರ್ಡು ಹಿಡಿದ ಕೈ ಮಾತ್ರ. ಫೋಟೋ ಹಾಕಲು ಅದೇ ಸುಲಭ. ಇನ್ನು ವಾರ್ಡಿನ ಮೆಂಬರನ್ನು ಅಡ್ಡಹಾಕೋಣ ಎಂದರೆ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮಾವನವರ ಕಾಲಕ್ಕೆ ಆ ಬೀದಿಗೆ ಮೆಂಬರೇ ಇರಲಿಲ್ಲ.

ನೋವಿನ ಔಷಧದ ವಿಷಯ ನಿಮಗೆ ಬೇಗ ಬೇಕಾಗಬಹುದು, ಹೇಳಿಬಿಡುತ್ತೇನೆ. ಮಾರ್ಫಿನ್ ಗುಳಿಗೆ ಅಗ್ಗದ್ದು, ಆದರೆ ಬೀದಿಯ ಔಷಧ ಅಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. 1985ರ ಮಾದಕವಸ್ತು ಕಾಯ್ದೆಯ ಹೆದರಿಕೆಯಿಂದ ಅಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿ ಪರವಾನಗಿ ಸರಳ ಮಾಡಿದರೂ ಹಳೆಯ ಹೆದರಿಕೆ ಹೋಗಿಲ್ಲ. ಮಾನ್ಯತೆ ಇರುವ ಆಸ್ಪತ್ರೆಗಳಲ್ಲೇ ಕೇಳಬೇಕು. "ಅದು ಚಟ ಹಿಡಿಸುತ್ತದೆ" ಎಂದು ನಿಮ್ಮ ನೆಂಟರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಹೇಳಿದವರ ಮಾತು ಕೇಳಿ ನಾವು ಹತ್ತು ದಿನ ಕಳೆದೆವು. ಆ ಹತ್ತು ದಿನ ಮಾವನವರು ಗೋಡೆಗೆ ಮುಖ ಮಾಡಿ ಮಲಗಿದ್ದರು.

ಕರುಣಾಶ್ರಯ ಎಂಬುದೊಂದು ಇದೆ, ಮಾರತ್ತಹಳ್ಳಿಯ ಕಡೆ, ವರ್ತೂರು ರಸ್ತೆಯಲ್ಲಿ. 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ, ಮನೆಗೂ ತಂಡ ಕಳಿಸುತ್ತದೆ. ನಮಗೆ ಅದು ಗೊತ್ತಾದದ್ದು ತೀರಾ ತಡವಾಗಿ, ಅದೂ ಪಕ್ಕದ ಹಾಸಿಗೆಯವರಿಂದ. ನಡೆಯುವುದು ಬಹುಪಾಲು ದಾನಿಗಳ ಹಣದಲ್ಲಿ. ನಮ್ಮೂರಿನ ಅಂಗಡಿಯ ಡಬ್ಬಿಯ ದೊಡ್ಡ ರೂಪ ಎನ್ನಿ. ಐದು ಲಕ್ಷದ ಕಾರ್ಡಿದ್ದ ಮನುಷ್ಯನಿಗೆ ಕೊನೆಯಲ್ಲಿ ಬೇಕಾದದ್ದು ಧರ್ಮಾರ್ಥ ಸೇವೆ ಎಂಬುದು ನನಗೆ ಇನ್ನೂ ಅರಗಿಲ್ಲ.

ಅದಕ್ಕೆಂದು "ಎಲ್ಲ ಕೇರಳದಲ್ಲೇ ಚೆನ್ನ" ಎನ್ನುವವರ ಜೊತೆಗೂ ನಾನು ಸೇರುವುದಿಲ್ಲ. ಮನೆಗೆ ಜೀಪು ಬರುವ ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆಗೆ ಹೇಳಿಕೊಳ್ಳುವಂಥ ಆಸ್ಪತ್ರೆ ಇಲ್ಲ, ಇವತ್ತಿಗೂ ಮಂಗಳೂರಿಗೇ ಓಡಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಕರ್ನಾಟಕದವರು ಗಡಿಯ ತಲಪಾಡಿಯಲ್ಲಿ ತಡೆ ಹಾಕಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಡಯಾಲಿಸಿಸ್‌ನವರು, ಹೃದ್ರೋಗಿಗಳು ಆಂಬುಲೆನ್ಸಿನಲ್ಲೇ ಸಿಕ್ಕಿಕೊಂಡರು. ಕೆಲವರು ಸತ್ತರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ಬಿಡಿ ಎಂದು ಹೇಳಬೇಕಾಯಿತು. ಇನ್ನು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳಲ್ಲಿ, ನಲವತ್ತು ವರ್ಷದ 'ಮಗು'ವನ್ನು ಇನ್ನೂ ಎತ್ತಿಕೊಂಡು ಸ್ನಾನ ಮಾಡಿಸುವ ತಾಯಂದಿರಿದ್ದಾರೆ. ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಅವರಿಗೂ ಐದು ಲಕ್ಷ ಪರಿಹಾರ ಎಂದಿತು, ಮೂರು ತಿಂಗಳೊಳಗೆ. ಹಲವರು ವರ್ಷಗಟ್ಟಲೆ ಕಾದರು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆಂದು ಆಶ್ವಾಸಕಿರಣಂ ಎಂಬ ಯೋಜನೆ ಇದೆ, ತಿಂಗಳಿಗೆ 600 ರೂಪಾಯಿ. ದೊಡ್ಡಮ್ಮನಿಗಾಗಿ ಅಣ್ಣ ತೋಟದ ಕೆಲಸ ಬಿಟ್ಟು ಕುಳಿತಿದ್ದ. ಒಂದು ದಿನದ ಅಡಿಕೆ ಸುಲಿಯುವ ಕೂಲಿಯೂ ಆಗುವುದಿಲ್ಲ ಅದು.

ದೊಡ್ಡಮ್ಮ ತೀರಿಕೊಂಡದ್ದು ಅದೇ ಚಾವಡಿಯಲ್ಲಿ. ಹದಿಮೂರನೆಯ ದಿನ ಕಳೆದು ಪಂಚಾಯಿತಿಯಿಂದ ಇಬ್ಬರು ಹುಡುಗರು ಬಂದು, ಎರವಲು ಕೊಟ್ಟಿದ್ದ ಗಾಳಿ ಹಾಸಿಗೆಯನ್ನು ಮಡಚಿ ಆಟೋದಲ್ಲಿ ಹಾಕಿಕೊಂಡರು. ಮುಂದಿನ ತಿರುವಿನ ಬ್ಯಾರಿಗಳ ಮನೆಗೆ ಬೇಕಾಗಿತ್ತಂತೆ. ಅತ್ತಿಗೆ ಅದನ್ನು ಡೆಟಾಲ್ ನೀರಿನಲ್ಲಿ ಒರೆಸಿ ಬಿಸಿಲಿಗೆ ಹಾಕಿ ಇಟ್ಟಿದ್ದಳು.

ಮಾವನವರಿಗೆ ಅಂಥದ್ದನ್ನೇ ನಾವು ದುಡ್ಡು ಕೊಟ್ಟು ತಂದೆವು. ಕೇಳಿಕೊಂಡು ಬರುವವರಿಲ್ಲದೆ ನಮ್ಮ ಅಟ್ಟದ ಮೇಲೆ ಬಿದ್ದಿದೆ. ನಿಮ್ಮ ತಾಯಿಯವರನ್ನು ಮನೆಗೆ ಕರೆತರುವ ಹಿಂದಿನ ದಿನ ಹೇಳಿ, ಇಳಿಸಿ ಒರೆಸಿ ಕೊಡುತ್ತೇನೆ. ಪಂಪು ಸ್ವಲ್ಪ ಸದ್ದು ಮಾಡುತ್ತದೆ, ಕೆಳಗೆ ಹಳೆಯ ಟವಲ್ ಮಡಚಿ ಇಟ್ಟರೆ ಸರಿಹೋಗುತ್ತದೆ.