ಒಂದು ಸೀಸನ್‌ಗೆ 162 ಪಂದ್ಯ ಆಡುವ ಬೇಸ್‌ಬಾಲ್‌ನಲ್ಲಿ, ಸೀಸನ್ ಕೊನೆಯಾಗುವ ಸೆಪ್ಟೆಂಬರ್‌ನಲ್ಲಿ ಒಬ್ಬ ಆಟಗಾರ ಗಾಯಗೊಂಡರೆ ಅಭಿಮಾನಿಗಳು ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ?

ಯಾಕಂದ್ರೆ ಅಷ್ಟೊತ್ತಿಗೆ ಅವನ ಜಾಗಕ್ಕೆ ಹೊರಗಿಂದ ಒಳ್ಳೆಯವನನ್ನು ತರುವ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ.

ಅಮೆರಿಕದ ಮೇಜರ್ ಲೀಗ್‌ನಲ್ಲಿ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು ಜುಲೈ ಕೊನೆ ಇಲ್ಲವೇ ಆಗಸ್ಟ್ ಮೊದಲ ದಿನಗಳಲ್ಲೇ ಮುಗಿಯುತ್ತದೆ. ಆಗಸ್ಟ್ 31ರ ನಂತರ ಬೇರೆ ಕಡೆಯಿಂದ ಬಂದವನು ಲೀಗ್ ಪಂದ್ಯ ಆಡಬಹುದು, ಆದರೆ ಪ್ಲೇಆಫ್ ಆಡುವ ಹಾಗಿಲ್ಲ. ಅಂದ್ರೆ ಮುಖ್ಯ ಪಿಚರ್‌ನ (ಚೆಂಡು ಎಸೆಯುವವನ) ಮೊಣಕೈ ನೋವು ಅಂತ ಸುದ್ದಿ ಬಂದರೆ, ಇದ್ದವರಲ್ಲೇ ಯಾರನ್ನಾದರೂ ಹಾಕಿಕೊಂಡು ತಳ್ಳಬೇಕು. ಸೀಸನ್ ಶುರುವಿನ ಏಪ್ರಿಲ್‌ನಲ್ಲಿ ಸೋತರೆ ಸುಧಾರಿಸಿಕೊಳ್ಳಲು ತಿಂಗಳುಗಟ್ಟಲೆ ಸಮಯ ಇರುತ್ತದೆ, ಸೆಪ್ಟೆಂಬರ್‌ನಲ್ಲಿ ಅದೂ ಇಲ್ಲ.

ಭಯ ಸುಮ್ನೆ ಅಲ್ಲ, ದೊಡ್ಡ ಮುನ್ನಡೆಯೂ ಈ ಒಂದೇ ತಿಂಗಳಲ್ಲಿ ಕೈತಪ್ಪಬಹುದು. 2011ರ ಸೆಪ್ಟೆಂಬರ್ ಶುರುವಿನಲ್ಲಿ ಪ್ಲೇಆಫ್ ಜಾಗದ ಪೈಪೋಟಿಯಲ್ಲಿ ಬೋಸ್ಟನ್ ರೆಡ್ ಸಾಕ್ಸ್ ತಂಡ, ಟ್ಯಾಂಪಾ ಬೇ ರೇಸ್ ತಂಡಕ್ಕಿಂತ 9 ಪಂದ್ಯಗಳಷ್ಟು ಮುಂದಿತ್ತು. ಆ ತಿಂಗಳು ಬೋಸ್ಟನ್ ಗೆದ್ದದ್ದು ಬರೀ 7, ಸೋತದ್ದು 20. ಕೊನೆಯ ದಿನ, ಸೆಪ್ಟೆಂಬರ್ 28ರ ರಾತ್ರಿ, ಎರಡೂ ತಂಡ ಸಮಸಮ! ಬೋಸ್ಟನ್ ಗೆಲುವಿಗೆ ಒಂದೇ ಔಟ್ ಬಾಕಿ ಇದ್ದಾಗ ಬಾಲ್ಟಿಮೋರ್‌ಗೆ ಸೋತಿತು. ಕೆಲವೇ ನಿಮಿಷದಲ್ಲಿ ಅತ್ತ, ಯಾಂಕೀಸ್ ಎದುರು 7-0 ಹಿಂದಿದ್ದ ಟ್ಯಾಂಪಾ, ಹೆಚ್ಚುವರಿಯಾಗಿ ಆಡಿದ 12ನೇ ಇನ್ನಿಂಗ್ಸ್‌ನಲ್ಲಿ ತನ್ನ ಆಟಗಾರ ಇವಾನ್ ಲಾಂಗೋರಿಯಾ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ತರಹದ ಹೊಡೆತ) ಹೊಡೆದದ್ದರಿಂದ ಗೆದ್ದು ಪ್ಲೇಆಫ್‌ಗೆ ಹೋಯಿತು. ಅದನ್ನು ಕಂಡವರಿಗೆ ಸೆಪ್ಟೆಂಬರ್‌ನ ಪ್ರತಿ ಸುದ್ದಿಗೂ ಎದೆ ಹೊಡ್ಕೊಳ್ಳುತ್ತದೆ, ಸಹಜ ಅಲ್ವಾ?