ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಒಳಚರಂಡಿ ಸುಧಾರಣೆಗೆ ಸರ್ಕಾರವೇ ನೀರಿನ ಗುಣಮಟ್ಟದ ಪ್ರಮಾಣಪತ್ರ ಪಡೆಯಬೇಕೇ?

ಹೌದು, ಉದ್ಯಾನ ಸರ್ಕಾರದ್ದೇ ಆದರೂ ವಿನಾಯಿತಿ ಇಲ್ಲ. ಅಮೆರಿಕದ 1972ರ ಶುದ್ಧ ಜಲ ಕಾಯ್ದೆಯ 401ನೇ ಕಲಮಿನ ಪ್ರಕಾರ, ನದಿ-ತೊರೆಗೆ ಏನಾದರೂ ಸೇರಬಹುದಾದ ಕಾಮಗಾರಿಗೆ ಒಕ್ಕೂಟ ಸರ್ಕಾರದ ಪರವಾನಗಿ ಬೇಕಿದ್ದರೆ, ಕಾಮಗಾರಿಯಿಂದ ನೀರಿನ ಗುಣಮಟ್ಟ ಕೆಡದು ಎನ್ನುವ ಈ ಪ್ರಮಾಣಪತ್ರವೂ ಬೇಕು. ಇದನ್ನು ನಿರಾಕರಿಸಿದರೆ ಪರವಾನಗಿಯೂ ಸಿಗದು.

ಸಂಸ್ಕರಿಸಿದ ನೀರು ಬಿಡುವುದಕ್ಕಷ್ಟೇ ಇದು ಎಂದುಕೊಳ್ಳಬೇಡಿ. ಪೈಪು ಹೂಳಲು ತೊರೆಗೆ ಅಡ್ಡಲಾಗಿ ಅಗೆದು ಮಣ್ಣು ತುಂಬಿದರೂ ಸಾಮಾನ್ಯವಾಗಿ ಸೇನಾ ಎಂಜಿನಿಯರ್‌ಗಳ ದಳದಿಂದ ಇದೇ ಕಾಯ್ದೆಯ 404ನೇ ಕಲಮಿನ ಪರವಾನಗಿ ಬೇಕು. ಅದರ ಬೆನ್ನಿಗೇ 401 ಬರುತ್ತದೆ. ಅಗೆದ ಮಣ್ಣು ಮಳೆಗೆ ಕೊಚ್ಚಿಹೋದರೆ, ಟ್ರೌಟ್ ಮೀನು ಮೊಟ್ಟೆಯಿಟ್ಟ ಜಲ್ಲಿಯ ಸಂದುಗಳಲ್ಲಿ ಹೂಳು ಕೂತು ಮೊಟ್ಟೆಗಳಿಗೆ ಆಮ್ಲಜನಕ ಸಿಗುವುದಿಲ್ಲ. ಅದಕ್ಕೇ ಹೂಳು ತಡೆಯುವ ಬೇಲಿ ಕಟ್ಟಿ, ಯಂತ್ರಗಳಿಗೆ ಡೀಸೆಲ್ ತುಂಬುವುದನ್ನು ನೀರಿನಿಂದ ದೂರ ಇಡಿ ಎಂಬಂಥ ಷರತ್ತುಗಳು.

ಸಾಮಾನ್ಯವಾಗಿ ಪ್ರಮಾಣಪತ್ರ ಕೊಡುವುದು ಆಯಾ ರಾಜ್ಯ. ಯೆಲ್ಲೋಸ್ಟೋನ್ ಸಂಪೂರ್ಣವಾಗಿ ಒಕ್ಕೂಟದ ಅಧಿಕಾರ ವ್ಯಾಪ್ತಿಯಲ್ಲಿರುವುದರಿಂದ ಅಲ್ಲಿ ಆ ಹೊಣೆ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯದು. ಒಂದು ಇಲಾಖೆ ಇನ್ನೊಂದರ ಮುಂದೆ ಅರ್ಜಿ ಹಿಡಿದು ನಿಲ್ಲುವುದು ವಿಚಿತ್ರ ಎನಿಸಬಹುದು, ನನಗಂತೂ ಅದೇ ಸರಿ ಎನಿಸುತ್ತದೆ. ಗಡುವು ಹೆಚ್ಚೆಂದರೆ 1 ವರ್ಷ. ಅಷ್ಟರೊಳಗೆ ಇಪಿಎ ತೀರ್ಮಾನಿಸದಿದ್ದರೆ ಪ್ರಮಾಣಪತ್ರ ಕೊಡುವ ಅಥವಾ ನಿರಾಕರಿಸುವ ಹಕ್ಕನ್ನು ಅದು ಬಿಟ್ಟುಕೊಟ್ಟಂತೆ.