ಮೊದಲು ಸ್ಕೇಲ್ ಒಳಗಿಡಿಸಿ

ಏಳನೇ ತರಗತಿಯ ಮಕ್ಕಳಿಂದ ‘ಆಫ್ರಿಕಾ ಶೈಲಿ’ಯ ಚಿತ್ರ ಬರೆಸಬೇಕು, ಮುಖವಾಡದಿಂದ ಶುರು ಮಾಡಲೇ ಎಂದು ಕೇಳಿದ್ದೀರಿ. ನಾನು ಚಿತ್ರಕಲಾ ಶಿಕ್ಷಕಿ. ಮೊದಲ ವರ್ಷ ಮುಖವಾಡವನ್ನೇ ಬರೆಸಿದ್ದೆ. ಅದನ್ನು ಯಾರು, ಯಾವಾಗ ತೊಡುತ್ತಾರೆ ಎಂದು ಒಬ್ಬ ಹುಡುಗ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡಕ್ಕೆ ಒಂದೇ ಶೈಲಿ ಇರಲು ಸಾಧ್ಯವೇ? ಒಂದು ಜನಾಂಗವನ್ನು ಆರಿಸಿಕೊಳ್ಳಿ.

ನಾನು ಈಗ ಕಲಿಸುವುದು ದಕ್ಷಿಣ ಆಫ್ರಿಕಾದ ಎನ್‌ಡೆಬೆಲೆ ಹೆಂಗಸರ ಗೋಡೆಚಿತ್ರ. 1883ರಲ್ಲಿ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರಾದ ಬೋಯರರಿಗೆ ಸೋತ ಈ ಜನ ನೆಲ ಕಳೆದುಕೊಂಡು, ಗೆದ್ದವರ ಹೊಲಗಳಲ್ಲೇ ಜೀತಕ್ಕೆ ಬಿದ್ದರು. ಹಾಗೆ ಚದುರಿಹೋದವರ ಗುರುತನ್ನು ಹೆಂಗಸರು ಮನೆಯ ಗೋಡೆಯ ಮೇಲೆ ಉಳಿಸಿಕೊಂಡರು. ಬಣ್ಣದ ಡಬ್ಬಿ ತೆರೆಯುವ ಮೊದಲು ಇದನ್ನು ಹೇಳಿ. ಹತ್ತನೇ ವಯಸ್ಸಿಗೆ ತಾಯಿ, ಅಜ್ಜಿಯಿಂದ ಕಲಿತ ಎನ್‌ಡೆಬೆಲೆ ಕಲಾವಿದೆ ಎಸ್ತರ್ ಮಹ್ಲಾಂಗು 1991ರಲ್ಲಿ ಬಿಎಂಡಬ್ಲ್ಯು ಕಾರಿನ ಮೇಲೂ ಇವೇ ವಿನ್ಯಾಸಗಳನ್ನು ಬರೆದರು. ಅವರ ಕುಂಚ ಕೋಳಿಯ ಗರಿ, ಅಳತೆಗೋಲು ಮುಟ್ಟುವುದಿಲ್ಲ.

ಆದ್ದರಿಂದ ಸ್ಕೇಲುಗಳೆಲ್ಲ ಚೀಲದೊಳಗೆ. ಕೋಳಿ ಅಂಗಡಿಯಿಂದ ಗರಿ ತಂದು, ಸೋಪಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ. ತುದಿಯಲ್ಲಿ ಒಂದಂಗುಲ ಬಿಟ್ಟು ಉಳಿದ ಎಳೆಗಳನ್ನು ಕಿತ್ತುಹಾಕಿ. ಕಪ್ಪು ಪೋಸ್ಟರ್ ಬಣ್ಣ ಗಟ್ಟಿ ಮಜ್ಜಿಗೆಯ ಹದಕ್ಕಿರಲಿ. ಮೊದಲು ಕಪ್ಪು ಗೆರೆ, ಅದು ಒಣಗಿದ ಮೇಲೆ ಒಳಗೆ ನೀಲಿ, ಕೆಂಪು, ಹಳದಿ, ಹಸಿರು. ಎಡಕ್ಕೆ ಬರೆದದ್ದು ಬಲಕ್ಕೂ ಬರಬೇಕು. ಮೊದಲ ಹತ್ತು ನಿಮಿಷ ಎಲ್ಲರ ಕೈಯೂ ನಡುಗುತ್ತದೆ. ಗೆರೆ ವಕ್ರವಾಯಿತೆಂದು ಹಾಳೆ ಹರಿಯಲು ಹೊರಡುತ್ತಾರೆ. ಬಿಡಬೇಡಿ. ದಿನವೂ ರಂಗೋಲಿ ಹಾಕುವ ಮಕ್ಕಳಂತೂ ಬೇಗ ಹಿಡಿತ ಸಾಧಿಸುತ್ತಾರೆ.

ಈ ಗೋಡೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಬೇರೆಯೇ ಇದೆ. ಅಲ್ಲಿ ವಿದ್ಯುತ್ ಬಲ್ಬು, ವಿಮಾನ, ಕ್ಷೌರದ ಬ್ಲೇಡು ಎಲ್ಲವೂ ವಿನ್ಯಾಸವಾಗಿವೆ. ಬ್ಲೇಡಿನ ಆಕಾರವನ್ನು ಗುರುತಿಸಿದ ಹುಡುಗನೊಬ್ಬ ಬೆಂಚಿನಿಂದ ಎದ್ದೇಬಿಟ್ಟ. ಅವನ ತಂದೆಯದು ಕ್ಷೌರದಂಗಡಿ. ಆ ಹೆಂಗಸರು ಕಂಡದ್ದನ್ನೇ ಬರೆದರು ಎಂದು ಆಗ ತರಗತಿಗೆ ತಿಳಿಯಿತು. ಹಾಗಾಗಿ ನಕಲು ಮಾಡಿಸಬೇಡಿ, ಗೆರೆಯ ಕ್ರಮ ಮಾತ್ರ ಅವರದಾಗಿರಲಿ. ನನ್ನ ವಿದ್ಯಾರ್ಥಿನಿಯೊಬ್ಬಳು ತಾರಸಿಯ ನೀರಿನ ಟ್ಯಾಂಕನ್ನೂ ಅದರ ಏಣಿಯನ್ನೂ ಎರಡೂ ಬದಿಗೆ ಸಮನಾಗಿ ಕೂರಿಸಿದ್ದಳು.

ಪ್ರದರ್ಶನಕ್ಕೆ ಇಡುವಾಗ ಚಿತ್ರದ ಕೆಳಗೆ ಬರೀ ‘ಆಫ್ರಿಕಾ’ ಎನ್ನಬೇಡಿ. ‘ಎನ್‌ಡೆಬೆಲೆ, ದಕ್ಷಿಣ ಆಫ್ರಿಕಾ’ ಎಂದು ಮಕ್ಕಳ ಕೈಯಿಂದಲೇ ಬರೆಸಿ.